ಜೊತೆಗೆ ಹೋಗಿ, ಜೊತೆಗೆ ಕೂರಬೇಡಿ

ಸಾಫ್ಟ್‌ವೇರ್ ಸಮ್ಮೇಳನಕ್ಕೆ ಹೋಗುತ್ತಿದ್ದೇವೆ, ಏನಾದರೂ ಸಲಹೆ ಇದೆಯೇ ಎಂದು ಆಫೀಸಿನ ಹೊಸಬರು ಕೇಳಿದರೆ ನಾನು ಹೇಳುವುದು ಎರಡೇ ಮಾತು. ಒಬ್ಬರೇ ಹೋಗಬೇಡಿ. ಇಬ್ಬರು ಹೋದರೆ ಒಟ್ಟಿಗೆ ಕೂರಬೇಡಿ. ಮೊದಲನೆಯದಕ್ಕೆ ಎಲ್ಲರೂ ತಲೆಯಾಡಿಸುತ್ತಾರೆ. ಎರಡನೆಯದಕ್ಕೆ ನಗುತ್ತಾರೆ, ಆಮೇಲೆ ಹೋಗಿ ಎರಡು ದಿನವೂ ಅಕ್ಕಪಕ್ಕ ಕೂತು, ಒಟ್ಟಿಗೆ ಉಂಡು, ಒಂದೇ ಕ್ಯಾಬಿನಲ್ಲಿ ವಾಪಸು ಬರುತ್ತಾರೆ. ಅಷ್ಟನ್ನು ಆಫೀಸಿನಲ್ಲೇ ಮಾಡಬಹುದಿತ್ತು.

ನಾನು ಟೆಸ್ಟಿಂಗ್‌ನವಳು. ಬೇರೆಯವರು ಬರೆದ ಪ್ರೋಗ್ರಾಂನಲ್ಲಿ ಹುಳುಕು ಹುಡುಕುವುದಕ್ಕೆ ನನಗೆ ಸಂಬಳ. ನನ್ನ ಪಕ್ಕದ ಡೆಸ್ಕಿನಲ್ಲಿ ಗದಗಿನ ಹುಡುಗನೊಬ್ಬ ಕೂರುತ್ತಾನೆ. ಅವನು ಬರೆದದ್ದನ್ನು ನಾನು ಮುರಿಯುತ್ತೇನೆ, ನಾನು ಮುರಿದದ್ದನ್ನು ಅವನು ರಿಪೇರಿ ಮಾಡುತ್ತಾನೆ. ನಮ್ಮಿಬ್ಬರ ಸಂಬಂಧ ಹೀಗೇ ನಡೆದುಕೊಂಡು ಬಂದಿದೆ. ನನಗಿಂತ ಹದಿನೈದು ವರ್ಷವಾದರೂ ಚಿಕ್ಕವನು. ನಾನು ಸಿಟ್ಟಿನಲ್ಲಿದ್ದಾಗ 'ಮೇಡಂ', ಕಾಫಿ ಕೊಡಿಸಿದಾಗ 'ಅಕ್ಕಾರ'. 2024ರ ಸೆಪ್ಟೆಂಬರಿನಲ್ಲಿ ನಾವಿಬ್ಬರೂ ಬೆಂಗಳೂರಿನ ಪೈಕಾನ್ ಇಂಡಿಯಾಕ್ಕೆ ಹೋದೆವು. ಈ ಲೇಖನ ಅದರದ್ದು.

ಇಂಥ ಸಮ್ಮೇಳನ ಎಂದರೇನು ಎಂದು ನನ್ನ ಅತ್ತೆ ಕೇಳಿದ್ದರು. ಸಾಹಿತ್ಯ ಸಮ್ಮೇಳನದ ಹಾಗೆ ಎಂದೆ. ದೊಡ್ಡ ಸಭಾಂಗಣದಲ್ಲಿ ಅಧ್ಯಕ್ಷ ಭಾಷಣದಂಥ ಕೀನೋಟ್, ಅಕ್ಕಪಕ್ಕದ ಹಾಲ್‌ಗಳಲ್ಲಿ ಸಮಾನಾಂತರ ಗೋಷ್ಠಿ, ಹೊರಗೆ ಮಳಿಗೆ, ಮಧ್ಯಾಹ್ನ ಊಟದ ಸಾಲು. "ಮೆರವಣಿಗೆ?" ಎಂದರು. ಇಲ್ಲ ಎಂದೆ. "ನಿರ್ಣಯ ಪಾಸು ಮಾಡ್ತಾರಾ?" ಅದೂ ಇಲ್ಲ. "ಮತ್ತೆ ಶನಿವಾರ ಭಾನುವಾರ ಮನೆ ಬಿಟ್ಟು ಯಾಕೆ ಹೋಗೋದು?" ಅವರ ಪ್ರಶ್ನೆ ನ್ಯಾಯವಾದದ್ದೇ. ಜಾಗ ಎಲ್ಲಿ ಎಂದು ಕೇಳಿದಾಗ 'ನಿಮ್ಹಾನ್ಸ್' ಎಂದು ನಾನು ಉತ್ತರಿಸಿದ್ದರಿಂದ ಮಾತು ಬೇರೆ ಕಡೆ ಹೋಯಿತು. ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಹೆಸರಿನದೇ ಕನ್ವೆನ್ಷನ್ ಸೆಂಟರ್ ಇದೆ, ಬೆಂಗಳೂರಿನ ಸಾಫ್ಟ್‌ವೇರ್ ಜನ ಬಹಳ ಕಾಲದಿಂದ ಅಲ್ಲೇ ಸೇರುತ್ತಾರೆ ಎಂದು ಬಿಡಿಸಿ ಹೇಳುವವರೆಗೆ ಅವರಿಗೆ ಸಮಾಧಾನವಾಗಲಿಲ್ಲ.

ಪೈಕಾನ್ ಎಂದರೆ ಪೈಥಾನ್ ಬಳಸುವವರ ಸಮ್ಮೇಳನ. ಪೈಥಾನ್ ಒಂದು ಪ್ರೋಗ್ರಾಮಿಂಗ್ ಭಾಷೆ. ನೆದರ್ಲೆಂಡ್ಸ್‌ನ ಗಿಡೋ ವಾನ್ ರೋಸಮ್ ಅದರ ಮೊದಲ ಆವೃತ್ತಿಯನ್ನು 1991ರಲ್ಲಿ ಹೊರಬಿಟ್ಟರು. ಹೆಸರು ಹೆಬ್ಬಾವಿನಿಂದ ಬಂದದ್ದಲ್ಲ, ಅವರಿಗೆ ಇಷ್ಟವಾಗಿದ್ದ ಬ್ರಿಟಿಷ್ ಹಾಸ್ಯ ತಂಡ ಮಾಂಟಿ ಪೈಥಾನ್‌ನಿಂದ ಬಂದದ್ದು. ಶಾಲೆಯ ಮಕ್ಕಳು ಕಲಿಯುವುದೂ ಇದನ್ನೇ, ಕೃತಕ ಬುದ್ಧಿಮತ್ತೆಯ ಸಂಶೋಧಕರು ಬಳಸುವುದೂ ಇದನ್ನೇ. ಇಲ್ಲಿ ಮುಖ್ಯವಾದ ಸಂಗತಿ ಬೇರೆ: ಈ ಭಾಷೆಗೆ ಯಾವ ಕಂಪನಿಯೂ ಮಾಲೀಕನಲ್ಲ. ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್ ಎಂಬ ಲಾಭರಹಿತ ಸಂಸ್ಥೆ ಅದರ ಹಕ್ಕುಗಳನ್ನು ಕಾಯುತ್ತದೆ. ಅದನ್ನು ಬೆಳೆಸುವವರು ಜಗತ್ತಿನ ಬೇರೆ ಬೇರೆ ಮೂಲೆಗಳಲ್ಲಿ ಕೂತ ಜನ. ಅವರಲ್ಲಿ ಬಹುಪಾಲು ಇದನ್ನು ಬಿಡುವಿನ ವೇಳೆಯಲ್ಲಿ ಮಾಡುತ್ತಾರೆ. ಮಾಲೀಕನಿದ್ದರೆ ಅವನು ಸಭೆ ಕರೆದು ಹೀಗೆ ಮಾಡಿ ಎನ್ನುತ್ತಾನೆ. ಮಾಲೀಕನಿಲ್ಲದ ಕಡೆ ಜನರೇ ಸೇರಬೇಕು. ಪೈಕಾನ್ ಹೆಸರಿನ ಮೊದಲ ಸಮ್ಮೇಳನ 2003ರಲ್ಲಿ ವಾಷಿಂಗ್ಟನ್ನಿನಲ್ಲಿ ನಡೆಯಿತು. ಭಾರತದ ಮೊದಲ ಪೈಕಾನ್ 2009ರ ಸೆಪ್ಟೆಂಬರಿನಲ್ಲಿ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ನಡೆಯಿತು. ಆಮೇಲೆ ಅದು ಪುಣೆಗೆ ಹೋಯಿತು, ಬೆಂಗಳೂರಿಗೆ ಬಂತು, ದೆಹಲಿ, ಹೈದರಾಬಾದ್, ಚೆನ್ನೈ ಸುತ್ತಿತು, ಕೊರೋನಾ ಕಾಲದಲ್ಲಿ ಕಂಪ್ಯೂಟರ್ ಪರದೆಯೊಳಗೇ ನಡೆಯಿತು. 2015ರ ನಂತರ ಮತ್ತೆ ಬೆಂಗಳೂರಿಗೆ ಬಂದದ್ದು 2024ರಲ್ಲಿ. ಇದನ್ನು ಕಟ್ಟಿ ನಿಲ್ಲಿಸಿದವರಲ್ಲಿ ಒಬ್ಬರಾದ ಕೆನೆತ್ ಗೊನ್ಸಾಲ್ವಿಸ್ 2012ರಲ್ಲಿ ತೀರಿಕೊಂಡರು. ಆ ವರ್ಷದಿಂದ ಅವರ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತಾರೆ. ಸಭಾಂಗಣ ಗೊತ್ತು ಮಾಡುವುದರಿಂದ ಹಿಡಿದು ಮೈಕ್ ಹಿಡಿದು ಓಡಾಡುವವರೆಗೆ ಎಲ್ಲವೂ ಸ್ವಯಂಸೇವಕರದೇ. ಅವರಲ್ಲಿ ಎಷ್ಟೋ ಜನ ಇನ್ನೂ ಕಾಲೇಜು ಮುಗಿಸಿರುವುದಿಲ್ಲ.

ಟಿಕೆಟ್ಟಿಗೆ ಮ್ಯಾನೇಜರನ್ನು ಒಪ್ಪಿಸುವುದೂ ಒಂದು ಕೆಲಸ. ಅವರ ಮೊದಲ ಆಕ್ಷೇಪ: "ಎಲ್ಲಾ ಭಾಷಣವೂ ಯೂಟ್ಯೂಬಿಗೆ ಬರುತ್ತಲ್ಲ?" ಬರುತ್ತದೆ. ಎರಡನೆಯ ಆಕ್ಷೇಪವನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಹೊರಗಿನ ಮಳಿಗೆಗಳಲ್ಲಿ ಬೇರೆ ಕಂಪನಿಗಳು ಕೆಲಸಕ್ಕೆ ಜನ ಹುಡುಕುತ್ತ ಕೂತಿರುತ್ತವೆ. ಒಬ್ಬರನ್ನು ಕಳಿಸಿದರೆ ಒಂದು ರಾಜೀನಾಮೆಯ ಅಪಾಯ, ಇಬ್ಬರನ್ನು ಕಳಿಸಿದರೆ ಎರಡು. ನಾನು ಹೂಡಿದ ವಾದ ಇಷ್ಟೇ: ಒಂದೇ ಹೊತ್ತಿಗೆ ಎರಡು ಮೂರು ಹಾಲ್‌ಗಳಲ್ಲಿ ಗೋಷ್ಠಿ ನಡೆಯುತ್ತದೆ, ಒಬ್ಬರು ಹೋದರೆ ಅರ್ಧವೋ ಮೂರನೇ ಒಂದು ಪಾಲೋ ಮಾತ್ರ ಸಿಗುತ್ತದೆ. ಇಬ್ಬರು ಬೇರೆ ಬೇರೆ ಕಡೆ ಕೂತು, ಸೋಮವಾರ ತಂಡಕ್ಕೆಲ್ಲ ಹೇಳುತ್ತೇವೆ. ಮ್ಯಾನೇಜರ್ ಒಪ್ಪಿದರು. ಬೇರೆ ಬೇರೆ ಕೂರಬೇಕೆಂಬ ನನ್ನ ನಿಯಮ ಹುಟ್ಟಿದ್ದು ಹೀಗೆ, ಬಜೆಟ್ ವಾದದಿಂದ. ಅದಕ್ಕೆ ಬೇರೆ ಗುಣವೂ ಇದೆ ಎಂದು ತಿಳಿದದ್ದು ಅಲ್ಲಿಗೆ ಹೋದ ಮೇಲೆ.

ಬೆಳಿಗ್ಗೆ ನೋಂದಣಿಯ ಸಾಲು. ಕೊರಳಿಗೆ ಹೆಸರಿನ ಬ್ಯಾಡ್ಜು, ಕೈಗೆ ಟೀ ಶರ್ಟು, ಹಿಡಿಗಟ್ಟಲೆ ಸ್ಟಿಕ್ಕರು. ಸಾಫ್ಟ್‌ವೇರ್ ಮಂದಿಗೆ ಸ್ಟಿಕ್ಕರ್ ಮೇಲೆ ಯಾಕಿಷ್ಟು ಮೋಹವೋ ಕಾಣೆ; ಲಕ್ಷ ರೂಪಾಯಿಯ ಲ್ಯಾಪ್‌ಟಾಪಿನ ಬೆನ್ನು ಕಾಣದ ಹಾಗೆ ಅಂಟಿಸಿಕೊಳ್ಳುತ್ತಾರೆ. ಮಳಿಗೆಗಳಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಒಂದು ಜೊತೆ ಕಾಲುಚೀಲ, ರೆಸ್ಯೂಮೆ ಕೊಟ್ಟರೆ ಒಂದು ಬಾಟಲಿ. ನನ್ನ ಹುಡುಗ ಮೊದಲ ಅರ್ಧ ಗಂಟೆಯಲ್ಲೇ ಎರಡು ಜೊತೆ ಕಾಲುಚೀಲ ಸಂಪಾದಿಸಿದ. ಇಂಥ ಕಡೆ ಹೆಂಗಸರ ಟಾಯ್ಲೆಟ್ ಮುಂದೆ ಸಾಲೇ ಇರುವುದಿಲ್ಲ ಎಂಬ ಹಳೆಯ ತಮಾಷೆ ಇನ್ನೂ ಪೂರ್ತಿ ಸುಳ್ಳಾಗಿಲ್ಲ. ಆದರೆ ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ಹೋಲಿಸಿದರೆ ಎಷ್ಟೋ ವಾಸಿ. ಪೈಲೇಡೀಸ್‌ನಂಥ ಗುಂಪುಗಳ ಹುಡುಗಿಯರು ಅಲ್ಲಿ ಯಾರ ಅಪ್ಪಣೆಗೂ ಕಾಯದೆ ಓಡಾಡುವುದನ್ನು ನೋಡಿದರೆ ಸಂತೋಷವಾಗುತ್ತದೆ.

ವೇಳಾಪಟ್ಟಿಯ ಮುದ್ರಿತ ಪ್ರತಿ ಹಿಡಿದು ಹಾಲ್‌ಗಳನ್ನು ಹಂಚಿಕೊಂಡೆವು. ಟೆಸ್ಟಿಂಗ್, ಪರಿಕರಗಳು ನನಗೆ. ಭಾಷೆಯ ಒಳಗುಟ್ಟು, ಡೇಟಾ ಅವನಿಗೆ. ಅಷ್ಟಾದ ಮೇಲೂ ಹುಡುಗ ಕದಲಲಿಲ್ಲ.

"ಮೊದಲ್ನೇದು ಒಂದು ಕೂಡೇ ಕೇಳೂಣಲ್ರಿ ಮೇಡಂ."

"ಯಾಕಪ್ಪಾ?"

"ಅಲ್ಲೆ ಯಾರೂ ಗೊತ್ತಿಲ್ರಿ. ಬಾಜೂಕ ಕುಂತವ್ರು ಇಂಗ್ಲಿಷ್‌ನ್ಯಾಗ ಏನರ ಕೇಳಿದ್ರ?"

ಇವನು ಬರೆಯುವ ಪ್ರೋಗ್ರಾಂ ನೋಡಿ ನಮ್ಮ ತಂಡದ ಹಿರಿಯರೂ ತಲೆದೂಗುತ್ತಾರೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಮೀಟಿಂಗಿನಲ್ಲಿ ಮೈಕ್ ಮ್ಯೂಟ್ ಮಾಡಿ ಕೂತು ಚಾಟ್‌ನಲ್ಲಿ ಉತ್ತರ ಟೈಪಿಸುತ್ತಾನೆ. ಅವನು ಸಂಕೋಚದವನು ಎಂದು ಆಫೀಸಿನಲ್ಲಿ ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು. ನಾನು ಅವನ ಕೈಗೆ ಕಾಗದ ಕೊಟ್ಟು ನನ್ನ ಹಾಲ್‌ಗೆ ನಡೆದೆ.

ಗೋಷ್ಠಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮ್ಯಾನೇಜರ್ ಹೇಳಿದ ಹಾಗೆ ಅವು ಯೂಟ್ಯೂಬಿನಲ್ಲಿ ಸಿಗುತ್ತವೆ. ಮಾತಾಡುವವರು ತಿಂಗಳುಗಳ ಮೊದಲೇ ಪ್ರಸ್ತಾವ ಬರೆದು ಕಳಿಸಿರುತ್ತಾರೆ, ಸ್ವಯಂಸೇವಕರ ಸಮಿತಿ ಓದಿ ಆರಿಸುತ್ತದೆ. ಬಂದದ್ದರಲ್ಲಿ ಹೆಚ್ಚಿನವು ತಿರಸ್ಕೃತವಾಗುತ್ತವೆ. ಆರಿಸಿದವುಗಳಲ್ಲೂ ಕೆಲವು ಸಪ್ಪೆ ಇರುತ್ತವೆ. ಸಪ್ಪೆ ಅನ್ನಿಸಿದರೆ ಎದ್ದು ಹೋಗಬಹುದು, ಯಾರೂ ತಪ್ಪು ತಿಳಿಯುವುದಿಲ್ಲ. ಸಹೋದ್ಯೋಗಿ ಪಕ್ಕದಲ್ಲಿದ್ದರೆ ಮಾತ್ರ ಏಳುವುದು ಕಷ್ಟ. ಅವರಿಗೆ ಬೇಸರವಾದೀತು ಎಂದು ನಾವು, ನಮಗೆ ಬೇಸರವಾದೀತು ಎಂದು ಅವರು, ಇಬ್ಬರೂ ಆಕಳಿಸುತ್ತ ಕೂತಿರುತ್ತೇವೆ.

ಟೀ ಹೊತ್ತಿಗೆ ಕಂಬದ ಬಳಿ ಸೇರಿ ಟಿಪ್ಪಣಿ ಬದಲಾಯಿಸಿಕೊಳ್ಳುವುದು ಎಂದು ಒಪ್ಪಂದವಾಗಿತ್ತು. ಅವನ ನೋಟ್‌ಬುಕ್ ನೋಡುವ ಹಾಗಿತ್ತು. ಎಡಗಡೆಯ ಪುಟದಲ್ಲಿ ಭಾಷಣಕಾರರು ಹೇಳಿದ್ದು, ಇಂಗ್ಲಿಷಿನಲ್ಲಿ. ಬಲಗಡೆಯ ಪುಟದಲ್ಲಿ ಕನ್ನಡದಲ್ಲಿ ಇವನ ತಕರಾರು: 'ಇದು ಸುಳ್ಳು', 'ಇದನ್ನ ನಮ್ಮ ಸರ್ವರ್‌ನ್ಯಾಗ ಮಾಡಿದ್ರ ಹೊಗಿ ಬರ್ತೈತಿ', 'ಮೇಡಂಗೆ ಕೇಳು'. ವರ್ಷಗಟ್ಟಲೆ ಪಕ್ಕದಲ್ಲಿ ಕೂತರೂ ಆ ಬಲಗಡೆಯ ಪುಟ ನನಗೆ ಕಂಡಿರಲಿಲ್ಲ. ಮೀಟಿಂಗಿನಲ್ಲಿ ಮ್ಯೂಟ್ ಮಾಡಿ ಕೂತಾಗ ಅವನ ತಲೆಯಲ್ಲಿ ಓಡುತ್ತಿದ್ದದ್ದು ಇದೇ ಇರಬೇಕು.

ಇಂಥ ಸಮ್ಮೇಳನಗಳಿಗೆ ಪಳಗಿದವರು 'ಹಾಲ್‌ವೇ ಟ್ರ್ಯಾಕ್' ಎಂಬ ಮಾತು ಬಳಸುತ್ತಾರೆ. ವೇಳಾಪಟ್ಟಿಯಲ್ಲಿ ಹಾಲ್ ಒಂದು, ಹಾಲ್ ಎರಡು ಎಂದು ಗೋಷ್ಠಿಗಳಿರುತ್ತವಲ್ಲ, ಅವುಗಳ ಜೊತೆಗೆ ಹೊರಗಿನ ಪಡಸಾಲೆಯಲ್ಲಿ ನಡೆಯುವ, ಎಲ್ಲೂ ಅಚ್ಚಾಗದ ಗೋಷ್ಠಿ ಇದು. ನಿಜವಾದ ಸುದ್ದಿ ಅಲ್ಲಿರುತ್ತದೆ. ಯಾವ ಪರಿಕರ ಹೇಳಿಕೊಂಡಷ್ಟು ಚೆನ್ನಾಗಿಲ್ಲ, ಯಾವ ಕಂಪನಿ ಯಾವುದನ್ನು ಕೈಬಿಟ್ಟಿತು, ಯಾರ ಸರ್ವರ್ ಹಬ್ಬದ ದಿನ ಕೂತುಹೋಯಿತು ಎಂಬುದನ್ನೆಲ್ಲ ವೇದಿಕೆಯ ಮೇಲೆ, ಕ್ಯಾಮೆರಾ ಮುಂದೆ ಯಾರೂ ಹೇಳುವುದಿಲ್ಲ. ಕಾಫಿ ಲೋಟ ಹಿಡಿದು ಹೇಳುತ್ತಾರೆ.

ಆ ಪಡಸಾಲೆಗೂ ಒಂದು ಶಿಷ್ಟಾಚಾರ ಇದೆ. ಎರಿಕ್ ಹೋಲ್ಶರ್ ಎಂಬ ಅಮೆರಿಕದ ಪ್ರೋಗ್ರಾಮರ್ 2017ರಲ್ಲಿ ಅದನ್ನು 'ಪ್ಯಾಕ್‌ಮ್ಯಾನ್ ನಿಯಮ' ಎಂದು ಕರೆದರು. ಹಳೆಯ ವಿಡಿಯೋ ಗೇಮಿನ ಪ್ಯಾಕ್‌ಮ್ಯಾನ್ ನೆನಪಿರಬಹುದು. ಬಾಯಿ ತೆರೆದ ಹಳದಿ ವೃತ್ತ. ನಾಲ್ಕು ಜನ ನಿಂತು ಮಾತಾಡುವಾಗ ಪೂರ್ತಿ ಸುತ್ತುಗಟ್ಟದೆ ಒಬ್ಬರು ಬಂದು ಸೇರುವಷ್ಟು ಜಾಗ ಬಿಟ್ಟು ನಿಲ್ಲಬೇಕು, ಆ ಬಾಯಿಯ ಹಾಗೆ. ಯಾರಾದರೂ ಬಂದು ಸೇರಿದರೆ ಮತ್ತೆ ಸರಿದು ಇನ್ನೊಬ್ಬರಿಗೆ ಜಾಗ ಮಾಡಬೇಕು. ಕೇಳಲು ಚಿಕ್ಕ ಮಾತು. ಆದರೆ ಒಂದೇ ಆಫೀಸಿನ ಇಬ್ಬರು ಎದುರುಬದುರು ನಿಂತು ತಮ್ಮ ಮ್ಯಾನೇಜರನ್ನು ಬೈಯುತ್ತಿದ್ದರೆ ಅಲ್ಲಿ ಬಾಯಿಯೂ ಇಲ್ಲ, ವೃತ್ತವೂ ಇಲ್ಲ. ಹತ್ತಿರ ಬಂದವರು ಸುತ್ತು ಹಾಕಿಕೊಂಡು ಮುಂದೆ ಹೋಗುತ್ತಾರೆ. ಮಧ್ಯಾಹ್ನದ ಊಟಕ್ಕೆ ನಾನು ಬೇಕೆಂದೇ ತಡವಾಗಿ ಹೋದೆ. ದೂರದಿಂದ ನೋಡಿದರೆ ನಮ್ಮ ಹುಡುಗ ತಟ್ಟೆ ಹಿಡಿದು ಒಬ್ಬನೇ ನಿಂತಿದ್ದ. ನಾನು ಕೈತೊಳೆಯುವ ಕಡೆ ತಿರುಗಿದೆ. ಮತ್ತೆ ನೋಡುವಷ್ಟರಲ್ಲಿ ಮೈಸೂರಿನ ಇಬ್ಬರು ಕಾಲೇಜು ಹುಡುಗಿಯರೂ ಉಡುಪಿಯ ಒಬ್ಬರೂ ಅವನ ಜೊತೆಗಿದ್ದರು, ಮಾತು ಕನ್ನಡದಲ್ಲೇ ಜೋರಾಗಿ ನಡೆದಿತ್ತು. ಬೆಂಗಳೂರಿನ ಸಾಫ್ಟ್‌ವೇರ್ ಸಮ್ಮೇಳನದಲ್ಲಿ ವೇದಿಕೆಯ ಮೇಲೆ ಕನ್ನಡ ಕೇಳುವುದು ಅಪರೂಪ, ಊಟದ ಸಾಲಿನಲ್ಲಿ ಧಾರಾಳ.

ಆ ಸಾಲಿನಲ್ಲಿ ಎಲ್ಲರ ಬಾಯಲ್ಲೂ ಇದ್ದ ವಿಷಯ 'ಗಿಲ್'. ಕೆಲವೇ ವಾರಗಳಲ್ಲಿ ಪೈಥಾನ್ 3.13 ಬರುವುದಿತ್ತು. ಪೈಥಾನ್‌ನಲ್ಲಿ ಆರಂಭದ ವರ್ಷಗಳಿಂದ ಬಂದ, ಆ ಹೆಸರಿನ ಒಂದು ಬೀಗವಿದೆ: ಒಂದು ಪ್ರೋಗ್ರಾಂನೊಳಗೆ ಎಷ್ಟೇ ಕೆಲಸಗಳನ್ನು ಏಕಕಾಲಕ್ಕೆ ಹೂಡಿದರೂ, ಯಾವುದೇ ಕ್ಷಣದಲ್ಲಿ ಪೈಥಾನ್ ಆದೇಶಗಳನ್ನು ನಡೆಸುವ ಅವಕಾಶ ಒಂದಕ್ಕೆ ಮಾತ್ರ. ಒಳಗಿನ ನೆನಪಿನ ಲೆಕ್ಕ ಕಲಸಿಹೋಗದಿರಲಿ ಎಂದು ಮಾಡಿಕೊಂಡ ಏರ್ಪಾಡು ಅದು. ಕಂಪ್ಯೂಟರಿಗೆ ಒಂದೇ ಮಿದುಳು ಇದ್ದಾಗ ಅದರಿಂದ ತೊಂದರೆ ಇರಲಿಲ್ಲ; ಈಗ ಕೈಯಲ್ಲಿರುವ ಫೋನಿಗೂ ಎಂಟು. ಸ್ಯಾಮ್ ಗ್ರಾಸ್ ಎಂಬವರು ಬೀಗ ತೆಗೆಯುವ ದಾರಿ ತೋರಿಸಿ ಪ್ರಸ್ತಾವ ಬರೆದರು. ಅದಕ್ಕೆ ಪೆಪ್ 703 ಎಂದು ಹೆಸರು. ಭಾರೀ ಚರ್ಚೆಯ ನಂತರ 2023ರಲ್ಲಿ ಅದನ್ನು ಒಪ್ಪಿಕೊಂಡರು, 2024ರ ಅಕ್ಟೋಬರಿನಲ್ಲಿ ಪ್ರಯೋಗದ ಮಟ್ಟದಲ್ಲಿ ಬೀಗವಿಲ್ಲದ ಪೈಥಾನ್ ಹೊರಬಂತು. ಬಿಸಿಬೇಳೆಬಾತಿನ ಸಾಲಿನಲ್ಲಿ ನನ್ನ ಹಿಂದೆ ಇಬ್ಬರು ಇದೇ ವಿಷಯಕ್ಕೆ ಕಿತ್ತಾಡುತ್ತಿದ್ದರು. ಒಬ್ಬರಿಗೆ ಇದು ಬಿಡುಗಡೆ, ಇನ್ನೊಬ್ಬರಿಗೆ ಹತ್ತು ವರ್ಷದ ತಲೆನೋವಿನ ಆರಂಭ. ಟೆಸ್ಟಿಂಗ್‌ನವಳಾಗಿ ನಾನು ಎರಡನೆಯವರ ಪಕ್ಷ. ಏಕಕಾಲಕ್ಕೆ ನಡೆಯುವ ಕೆಲಸಗಳ ತಪ್ಪು ನಾವು ನೋಡುತ್ತಿರುವಾಗ ಕಾಣುವುದಿಲ್ಲ, ಗ್ರಾಹಕರು ನೋಡುವಾಗಲೇ ಕಾಣುತ್ತದೆ.

ಊಟದ ನಂತರ ಹುಡುಗ ಓಡಿಬಂದ. ಮಿಂಚಿನ ಭಾಷಣದ ಪಟ್ಟಿಯಲ್ಲಿ ಹೆಸರು ಬರೆಸಿದ್ದನಂತೆ. ಆ ಮೈಸೂರಿನ ಹುಡುಗಿಯರು ಬರೆಸು ಬರೆಸು ಎಂದು ಬೆನ್ನು ಹತ್ತಿದ್ದರಂತೆ.

ಮಿಂಚಿನ ಭಾಷಣಕ್ಕೆ ಐದು ನಿಮಿಷ. ಐದಾದ ಕೂಡಲೇ ಮಾತು ಅರ್ಧದಲ್ಲಿದ್ದರೂ ಕೆಳಗಿಳಿಸುತ್ತಾರೆ. ಸಮಿತಿಯ ಆಯ್ಕೆ ಇಲ್ಲ, ಪಟ್ಟಿಯಲ್ಲಿ ಜಾಗವಿದ್ದರೆ ಯಾರು ಬೇಕಾದರೂ ಮಾತಾಡಬಹುದು. 'ಲೈಟ್ನಿಂಗ್ ಟಾಕ್' ಎಂಬ ಹೆಸರು ಕೊಟ್ಟವರು ಮಾರ್ಕ್ ಜೇಸನ್ ಡೊಮಿನಸ್, 2000ದಲ್ಲಿ ಪಿಟ್ಸ್‌ಬರ್ಗಿನಲ್ಲಿ ಪರ್ಲ್ ಎಂಬ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯವರ ಸಮ್ಮೇಳನಕ್ಕಾಗಿ. ನಲವತ್ತು ನಿಮಿಷ ಮಾತಾಡುವ ಧೈರ್ಯವಿಲ್ಲದವರಿಗೂ ವೇದಿಕೆ ಸಿಗಲಿ ಎಂಬುದು ಅದರ ಗುಣ. ನನ್ನ ಮಟ್ಟಿಗೆ ಇಡೀ ಸಮ್ಮೇಳನದಲ್ಲಿ ತಪ್ಪಿಸಿಕೊಳ್ಳಬಾರದ ಹೊತ್ತು ಅದೇ. ಕೆಟ್ಟ ಭಾಷಣವಾದರೂ ಐದೇ ನಿಮಿಷ ಸಹಿಸಬೇಕು.

ಅವನು ಹತ್ತಿದ. ಸ್ಲೈಡ್ ಇರಲಿಲ್ಲ. ಪೈಥಾನ್ ತೆರೆದು 'ಕನ್ನಡ' ಎಂದು ಟೈಪಿಸಿದ. ಅದರ ಮುಂದೆ [::-1] ಎಂದು ಹಾಕಿದ. ಪದವನ್ನು ಹಿಂದುಮುಂದು ಮಾಡು ಎಂದು ಪೈಥಾನ್‌ಗೆ ಹೇಳುವ ಸಂಕೇತ ಅದು. ಪರದೆಯ ಮೇಲೆ 'ಡನ್ನಕ' ಎಂದು ಬಂತು. ಸರಿಯಾಗಿಯೇ ಇದೆಯಲ್ಲ ಎಂದು ಎಲ್ಲರ ಮುಖ. ಆಮೇಲೆ 'ಕರ್ನಾಟಕ' ಟೈಪಿಸಿ ಅದನ್ನೇ ಮಾಡಿದ. ಬರಬೇಕಾದದ್ದು 'ಕಟರ್ನಾಕ'. ಬಂದದ್ದು 'ಕಟಾನ್ರಕ'. ನಾ ಅಕ್ಷರದ ದೀರ್ಘ ಹಾರಿ ಟ ಮೇಲೆ ಕೂತಿತ್ತು, ಅರ್ಕಾವತ್ತು ಮಾಯವಾಗಿ ನ ಕಾರದ ಕೆಳಗೆ ರ ವತ್ತು ಬಂದಿತ್ತು. ಕನ್ನಡ ಬಲ್ಲವರೆಲ್ಲ ಗೊಳ್ಳೆಂದರು. ಕನ್ನಡ ಬಾರದವರು ಪಕ್ಕದವರನ್ನು ಕೇಳತೊಡಗಿದರು.

ಕಾರಣವನ್ನು ಅವನು ಒಡೆದೊಡೆದ ಇಂಗ್ಲಿಷಿನಲ್ಲೇ ಸ್ವಚ್ಛವಾಗಿ ಹೇಳಿದ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಏರ್ಪಾಡು ಯೂನಿಕೋಡ್. ಪೈಥಾನ್ ಹೊರಬಂದ 1991ರಲ್ಲೇ ಯೂನಿಕೋಡ್‌ನ ಮೊದಲ ಆವೃತ್ತಿಯೂ ಬಂತು, ಅದರಲ್ಲೇ ಕನ್ನಡಕ್ಕೂ ಜಾಗ ಸಿಕ್ಕಿತು. ಅದರಲ್ಲಿ ಕ ಒಂದು ಸಂಕೇತ, ದೀರ್ಘದ ಚಿಹ್ನೆ ಇನ್ನೊಂದು, ಒತ್ತಕ್ಷರ ಹುಟ್ಟಿಸುವ ಅರ್ಧಾಕ್ಷರದ ಚಿಹ್ನೆ ಮತ್ತೊಂದು. ನಮ್ಮ ಕಣ್ಣಿಗೆ 'ಕರ್ನಾಟಕ'ದಲ್ಲಿ ನಾಲ್ಕು ಅಕ್ಷರ: ಕ, ರ್ನಾ, ಟ, ಕ. ಪೈಥಾನ್ ಎಣಿಸಿದರೆ ಏಳು. 'ಸ್ತ್ರೀ' ನಮಗೆ ಒಂದೇ ಅಕ್ಷರ, ಅದಕ್ಕೆ ಆರು. ಹಿಂದುಮುಂದು ಮಾಡೆಂದರೆ ಅದು ಈ ಬಿಡಿ ಸಂಕೇತಗಳನ್ನು ತಿರುಗಿಸುತ್ತದೆ, ಅಕ್ಷರಗಳನ್ನಲ್ಲ. 'ಕನ್ನಡ' ಪಾರಾದದ್ದು ಅದೃಷ್ಟದಿಂದ: 'ನ್ನ' ಎಂಬುದನ್ನು ಯಾವ ಕಡೆಯಿಂದ ಓದಿದರೂ ಒಂದೇ. 2008ರಲ್ಲಿ ಬಂದ ಪೈಥಾನ್ 3 ಯೂನಿಕೋಡನ್ನೇ ಪದಗಳ ಸಹಜ ರೂಪವಾಗಿ ಮಾಡಿಕೊಂಡದ್ದು ದೊಡ್ಡ ಉಪಕಾರವೇ. ಆದರೆ ಸಂಕೇತ ಗೊತ್ತಿರುವುದು ಬೇರೆ, ಅಕ್ಷರ ಗೊತ್ತಿರುವುದು ಬೇರೆ ಎಂದು ಅವನು ಹೇಳುವಷ್ಟರಲ್ಲಿ ಗಂಟೆ ಬಾರಿಸಿದರು.

ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಎದುರಿಗೆ ಕೂತರೆ ನನ್ನ ಮುಖ ನೋಡಿಯೇ ಮಾತಾಡುತ್ತಾನೆ ಎಂದು ಗೊತ್ತಿತ್ತು.

ಕೆಳಗಿಳಿದ ಮೇಲೆ ಅವನನ್ನು ಹಿಡಿಯಲು ನನಗೇ ಅರ್ಧ ಗಂಟೆ ಬೇಕಾಯಿತು. ತಮಿಳು, ಮಲಯಾಳಂ, ಬಂಗಾಳಿ ಮಾತಾಡುವವರೆಲ್ಲ ತಮ್ಮ ಊರಿನ ಹೆಸರು ತಿರುಗಿಸಿ ಫೋನಿನಲ್ಲಿ ತೋರಿಸುತ್ತಿದ್ದರು. ಆ ಗುಂಪಿನಲ್ಲಿ ಬಿಳಿ ಗಡ್ಡದ ಹಿರಿಯರೊಬ್ಬರಿದ್ದರು. ಕಾಫಿ ಮುಗಿಯುವ ತನಕ ಸುಮ್ಮನಿದ್ದು, "ಅರ್ಧ ಕಥೆ ಹೇಳಿದಿರಿ, ಇನ್ನರ್ಧ ಕೇಳಿ" ಎಂದು ಕನ್ನಡದಲ್ಲಿ ಶುರು ಮಾಡಿದರು. ಯಾವ ಸಂಕೇತಗಳ ಗೊಂಚಲನ್ನು ಓದುಗ ಒಂದೇ ಅಕ್ಷರ ಎಂದು ಭಾವಿಸುತ್ತಾನೆ ಎಂಬುದಕ್ಕೂ ಯೂನಿಕೋಡ್‌ನಲ್ಲಿ ನಿಯಮವಿದೆ. ಕರ್ಸರ್ ಎಲ್ಲಿ ನಿಲ್ಲಬೇಕು, ಪದವನ್ನು ಎಲ್ಲಿ ಕತ್ತರಿಸಬಾರದು ಎಂದು ತೀರ್ಮಾನಿಸಲು ಸಾಫ್ಟ್‌ವೇರ್‌ಗಳು ಅದನ್ನೇ ನೋಡುತ್ತವೆ. ಮೊದಲು ಭಾರತೀಯ ಲಿಪಿಗಳ ಒತ್ತಕ್ಷರವನ್ನು ಆ ನಿಯಮ ಒಡೆದುಬಿಡುತ್ತಿತ್ತು. 2023ರಲ್ಲಿ ಬಂದ ಯೂನಿಕೋಡ್ 15.1 ಅದನ್ನು ತಿದ್ದಿ, ಒತ್ತಕ್ಷರವನ್ನು ಒಂದೇ ಘಟಕವಾಗಿ ಹಿಡಿಯಿತು. ಆದರೆ ಆರು ಲಿಪಿಗಳಿಗೆ ಮಾತ್ರ: ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ.

"ಕನ್ನಡ?" ಎಂದೆ.

"ಆ ಪಟ್ಟಿಯಲ್ಲಿ ಇಲ್ಲ."

ಅಲ್ಲೇ ಗೋಡೆಗೊರಗಿ ಯೂನಿಕೋಡ್ ದಾಖಲೆ ತೆರೆದು ನೋಡಿದೆವು. ಅವರು ಹೇಳಿದ್ದು ನಿಜ. ಆ ನಿಯಮದ ಪ್ರಕಾರ 'ಕರ್ನಾಟಕ' ಎಣಿಸಿದರೆ ಏಳೂ ಅಲ್ಲ, ನಾಲ್ಕೂ ಅಲ್ಲ, ಐದು ಬರುತ್ತದೆ: ಕ, ರ್, ನಾ, ಟ, ಕ. ತೆಲುಗಿನಲ್ಲಿ ಅದೇ ಪದ ಬರೆದರೆ ನಾಲ್ಕು. ಎರಡು ಲಿಪಿಗಳೂ ಅಕ್ಕತಂಗಿಯರು, ಒತ್ತಕ್ಷರದ ರೀತಿ ಹೆಚ್ಚುಕಡಿಮೆ ಒಂದೇ. ಈ ಸಂಗತಿ ಆ ದಿನದ ಯಾವ ಗೋಷ್ಠಿಯಲ್ಲೂ ಇರಲಿಲ್ಲ, ಯೂಟ್ಯೂಬಿನಲ್ಲೂ ಬರುವುದಿಲ್ಲ. ಹುಡುಗ ವೇದಿಕೆ ಹತ್ತದಿದ್ದರೆ, ಅವನ ಪಕ್ಕದಲ್ಲಿ ನಾನು ಗೋಡೆಯ ಹಾಗೆ ನಿಂತಿದ್ದರೆ ಆ ಹಿರಿಯರು ಕಾಫಿ ಮುಗಿಸಿ ಮನೆಗೆ ಹೋಗುತ್ತಿದ್ದರು.

ಸಮ್ಮೇಳನದ ಜೊತೆಗೆ ಡೆವ್‌ಸ್ಪ್ರಿಂಟ್ ಎಂಬುದೂ ಇರುತ್ತದೆ. ಅಲ್ಲಿ ಭಾಷಣವಿಲ್ಲ. ಮುಕ್ತ ತಂತ್ರಾಂಶ ನಡೆಸುವವರು ಮೇಜು ಹಾಕಿಕೊಂಡು ಕೂರುತ್ತಾರೆ, ಹೊಸಬರು ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿ ಪಕ್ಕದಲ್ಲಿ ಕೂತು ಚಿಕ್ಕಪುಟ್ಟ ತಪ್ಪು ತಿದ್ದುತ್ತಾರೆ. ಕಲಿಯುವವರಿಗೆ ಗೋಷ್ಠಿಗಳಿಗಿಂತ ಇದೇ ಮೇಲು. ನಮಗೆ ರಜೆ ಇರಲಿಲ್ಲ, ಹೋಗಲಾಗಲಿಲ್ಲ.

ಸೋಮವಾರ ಸಂಜೆ ತಂಡಕ್ಕೆ ವರದಿ ಒಪ್ಪಿಸಬೇಕಿತ್ತು. ಅರ್ಧ ಜನ ಬಂದದ್ದು ಸ್ಟಿಕ್ಕರಿಗಾಗಿ. ನನ್ನ ಪಾಲು ಬೇಗ ಮುಗಿಸಿದೆ. ಹುಡುಗ ನಮ್ಮದೇ ಆ್ಯಪ್ ತೆರೆದು ಹೆಸರು ಬರೆಯುವ ಜಾಗದಲ್ಲಿ 'ಕೃಷ್ಣಮೂರ್ತಿ' ಎಂದು ಟೈಪಿಸಿದ. ಉಳಿಸಿದ ಮೇಲೆ ನೋಡಿದರೆ 'ಕೃಷ್ಣಮೂರ್ತ' ಎಂದಿತ್ತು. ಆ ಜಾಗಕ್ಕೆ ಯಾರೋ ಎಂದೋ 30 ಬೈಟ್‌ಗಳ ಮಿತಿ ಹಾಕಿದ್ದರು. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್ ಸಾಕು, ಮೂವತ್ತರಲ್ಲಿ ಸಾಕಷ್ಟು ಉದ್ದದ ಹೆಸರೂ ಹಿಡಿಸುತ್ತದೆ. ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್. 'ಕೃಷ್ಣಮೂರ್ತಿ' ಕಣ್ಣಿಗೆ ನಾಲ್ಕೇ ಅಕ್ಷರ. ಸಂಕೇತ ಹನ್ನೊಂದು, ಬೈಟ್ 33. ಮೂರು ಹೆಚ್ಚಾಯಿತು, ಗುಡಿಸು ಉದುರಿತು. ಇಂಗ್ಲಿಷ್ ಎಸ್ಎಂಎಸ್ ಒಂದರಲ್ಲಿ 160 ಅಕ್ಷರ ಹಿಡಿದರೆ ಕನ್ನಡದಲ್ಲಿ 70ಕ್ಕೇ ಮುಗಿಯುವುದೂ ಇಂಥದೇ ಲೆಕ್ಕದಿಂದ ಎಂದು ಅವನು ಬೋರ್ಡಿನ ಮೇಲೆ ಬರೆದು ತೋರಿಸಿದ. ಮೈಕ್ ಇರಲಿಲ್ಲ, ಬೇಕಾಗಲೂ ಇಲ್ಲ.

ಪ್ರಾಡಕ್ಟ್ ನೋಡಿಕೊಳ್ಳುವವರು ಕೈ ಎತ್ತಿದರು. ಇದನ್ನು ಸರಿಮಾಡಲು ಡೇಟಾಬೇಸ್ ಮುಟ್ಟಬೇಕು, ಅಷ್ಟಕ್ಕೂ ನಮ್ಮ ಆ್ಯಪ್‌ನಲ್ಲಿ ಕನ್ನಡದಲ್ಲಿ ಹೆಸರು ಬರೆಯುವವರು ಎಷ್ಟು ಜನ ಎಂದು ಕೇಳಿದರು. ಹುಡುಗ ನನ್ನ ಕಡೆ ನೋಡಲಿಲ್ಲ.

"ಬರದ್ರ ಕತ್ತರಸ್ತೈತಲ್ರಿ ಸರ್, ಅದಕ್ಕ ಯಾರೂ ಬರಿಯಂಗಿಲ್ಲ."

ಅದನ್ನು ಸರಿಮಾಡುವ ಕೆಲಸ ತಂಡದ ಆಗಿನ ಕೆಲಸದ ಪಟ್ಟಿಗೇ ಸೇರಿತು. ಅವನು ಸರಿಮಾಡಿದ್ದನ್ನು ಮುರಿಯಲು 'ಸ್ತ್ರೀ' ಇಂದ ಶುರುಮಾಡಿ ನಾನು ಒಂದು ಪಟ್ಟಿ ಬರೆದುಕೊಂಡೆ.